ತೋಟಾದೊಳಗಿನ ಬೆಂಕಿ

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಹಲಸೂರು ಕೆರೆಯ ಬಳಿ, ಮದರಾಸು ಸ್ಯಾಪರ್ಸ್ ಪಡೆಯ ನೆಲೆಯಿದೆ. 1912ರಲ್ಲಿ ಈ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಎಂಬವರು ಉದ್ದನೆಯ ಕೊಳವೆಯಲ್ಲಿ ಸ್ಫೋಟಕವನ್ನು ತುಂಬಿ, ದೂರದ ಅಡೆತಡೆಗಳನ್ನು ಒಡೆಯುವ ಸಾಧನವೊಂದನ್ನು ರೂಪಿಸಿದರು. 'ಬೆಂಗಳೂರು ಟಾರ್ಪೀಡೊ' ಎಂಬ ಹೆಸರಿನಿಂದ ಅದು ಎರಡು ಮಹಾಯುದ್ಧಗಳಲ್ಲಿಯೂ ಮುಳ್ಳುತಂತಿಯ ಬೇಲಿಗಳನ್ನು ಭೇದಿಸಿತು.

ಪಿಸ್ತೂಲಿನ ತೋಟಾ ಕೂಡ ಮದ್ದು ತುಂಬಿದ ಕೊಳವೆಯೇ. ಆದರೆ ಟಾರ್ಪೀಡೊವಿನ ಕೊಳವೆ ಸಿಡಿದು ಚೂರಾಗಲೇಬೇಕು, ತೋಟಾ ಚೂರಾಗಲೇಕೂಡದು. ಈ ಭೇದಕ್ಕೆ ಕಾರಣವೇನು?

ಟಾರ್ಪೀಡೊವಿನ ಸ್ಫೋಟಕದಲ್ಲಿ ಆಘಾತದ ಅಲೆಯೊಂದು ಸೆಕೆಂಡಿಗೆ ಸಾವಿರಾರು ಮೀಟರು ವೇಗದಿಂದ ಹಾಯ್ದು, ಇಡೀ ವಸ್ತುವನ್ನು ಕ್ಷಣಾರ್ಧದಲ್ಲಿ ಅನಿಲವಾಗಿಸುತ್ತದೆ. ತೋಟಾದ ಹೊಗೆರಹಿತ ಮದ್ದಾದರೋ ಕಣದ ಮೇಲ್ಮೈಯಿಂದ ಒಳಕ್ಕೆ ಪದರ ಪದರವಾಗಿ ಉರಿಯುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಸಿದ್ಧಪಡಿಸಿದ ಈ ಬಗೆಯ ಮದ್ದಿಗೆ ನೈಟ್ರೋಸೆಲ್ಯುಲೋಸ್ ಮೂಲದ್ರವ್ಯ.

ತೋಟಾದ ಅಂಗಗಳು ನಾಲ್ಕು: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಕೇಪು, ಮದ್ದು, ಮತ್ತು ಬಾಯಲ್ಲಿ ಗುಂಡು. ಗುಂಡು ಹಾರಿದ ಮೇಲೂ ಕೋಶ ಉಳಿಯುತ್ತದೆ. ಅಮೆರಿಕ ಮೊದಲಾದ ದೇಶಗಳಲ್ಲಿ ಗುರಿಕಾರರು ಇದನ್ನು ಶುದ್ಧಗೊಳಿಸಿ, ಮೊದಲಿನ ಅಳತೆಗೆ ತಂದು, ಮನೆಯಲ್ಲಿಯೇ ಮರಳಿ ತುಂಬುವುದುಂಟು. ಈ ಕೆಲಸದಲ್ಲಿ ನಿಖರತೆ ಏಕೆ ಪ್ರಾಣದ ಪ್ರಶ್ನೆ ಎಂಬುದನ್ನು ವಿಚಾರಿಸೋಣ.

ಒತ್ತಡ ಹೆಚ್ಚಿದಷ್ಟೂ ಮದ್ದು ಬೇಗ ಉರಿಯುತ್ತದೆ. ಬೇಗ ಉರಿದಷ್ಟೂ ಒತ್ತಡ ಮತ್ತೆ ಏರುತ್ತದೆ. 9 ಮಿಲಿಮೀಟರಿನ ಸಾಮಾನ್ಯ ತೋಟಾಕ್ಕೆ ವಿಧಿಸಿರುವ ಮಿತಿ ವಾಯುಮಂಡಲದ ಒತ್ತಡದ ಸುಮಾರು 2,300 ಪಟ್ಟು. ಗುಂಡನ್ನು ತುಸು ಆಳಕ್ಕೆ ಕೂರಿಸಿದರೂ ಒಳಗಿನ ಅವಕಾಶ ಕುಗ್ಗಿ ಒತ್ತಡ ಮೇಲೇರುತ್ತದೆ. ಎಷ್ಟೋ ಮದ್ದುಗಳು ಕೋಶದ ಅರ್ಧವನ್ನೂ ತುಂಬವಾದ್ದರಿಂದ, ಎಚ್ಚರ ತಪ್ಪಿ ಎರಡು ಸಲ ಸುರಿದರೂ ಚೆಲ್ಲುವುದಿಲ್ಲ, ಪಿಸ್ತೂಲೇ ಸಿಡಿಯಬಹುದು. ಮದ್ದನ್ನೇ ಮರೆತರೆ ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಮುಂದಿನ ಗುಂಡನ್ನು ಹಾರಿಸಿದರೆ ನಳಿಗೆ ಬಿರಿಯುತ್ತದೆ. ಆದುದರಿಂದಲೇ ಬಲ್ಲವರು ಪ್ರಕಟಿತ ಕೋಷ್ಟಕವನ್ನು ಮೀರುವುದಿಲ್ಲ, ಮದ್ದನ್ನು ತೂಗದೆ ಬಿಡುವುದಿಲ್ಲ, ಪ್ರತಿಯೊಂದು ಕೋಶದೊಳಗೂ ದೀಪ ಹಿಡಿದು ನೋಡದೆ ಗುಂಡು ಕೂರಿಸುವುದಿಲ್ಲ.

ಸಮತೆಯಿಂದ ಗುರಿಗೆಷ್ಟು ಲಾಭ? ನೀವೇ ಲೆಕ್ಕ ಹಾಕಬಹುದು. ಸೆಕೆಂಡಿಗೆ 350 ಮೀಟರು ವೇಗದ ಗುಂಡು 25 ಮೀಟರು ಸಾಗಲು ಸುಮಾರು 0.071 ಸೆಕೆಂಡು ಬೇಕು. ಅಷ್ಟರಲ್ಲಿ ಗುರುತ್ವಾಕರ್ಷಣೆ ಅದನ್ನು ಸುಮಾರು 25 ಮಿಲಿಮೀಟರು ಕೆಳಗೆಳೆಯುತ್ತದೆ. ವೇಗ ನೂರಕ್ಕೆ 5ರಷ್ಟು ತಗ್ಗಿದರೆ ಈ ಇಳಿತ ಸುಮಾರು 28 ಮಿಲಿಮೀಟರು. ವ್ಯತ್ಯಾಸ ಬರಿಯ 3 ಮಿಲಿಮೀಟರು! ಇಷ್ಟು ಸಮೀಪದಲ್ಲಿ ಸಮತೆ ಕಾಯುವುದು ಗುರಿಗಿಂತ ಹೆಚ್ಚಾಗಿ ಗುರಿಕಾರನ ಕೈಯನ್ನು, ಕಣ್ಣನ್ನು.

ನಮ್ಮ ದೇಶದಲ್ಲಿ 1959ರ ಆಯುಧ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಎಲ್ಲಿಯಾದರೂ ಹಳೆಯ ತೋಟಾ ಕಂಡರೆ ವಿದ್ಯಾರ್ಥಿಗಳು ಅದನ್ನು ಮುಟ್ಟದೆ, ಬಿಚ್ಚದೆ, ಪೊಲೀಸರಿಗೆ ತಿಳಿಸಬೇಕು. ವರ್ಷಗಳ ಕಾಲ ಮಣ್ಣಿನಲ್ಲಿ ಬಿದ್ದಿದ್ದರೂ ಕೇಪಿಗೆ ಸಿಡಿಯಲು ಒಂದು ಪೆಟ್ಟು ಸಾಕು.