ಚಗಳಿ ಮರದಲ್ಲಿ ದೊಡ್ಡವು ಎಲ್ಲಿ, ಚಿಕ್ಕವು ಎಲ್ಲಿ?

ದಣಪೆ ದಾಟಿದರೆ ಎದುರಿಗೇ ಹಳೆಯ ಮಾವಿನ ಮರ. ಮಲೆನಾಡಿನ ಅಡಿಕೆ ತೋಟಕ್ಕೆ ತಾಗಿಕೊಂಡ ಈ ಹಿತ್ತಿಲಲ್ಲಿ ಮಾವು, ಹಲಸು, ಪೇರಲೆ, ಗೇರು ಎಲ್ಲ ಒತ್ತೊತ್ತಾಗಿ ಬೆಳೆದಿವೆ. ರೆಂಬೆಗೆ ರೆಂಬೆ ಕೂಡಿರುವುದರಿಂದ ಚಗಳಿಗಳು ನೆಲ ಮುಟ್ಟದೆಯೇ ಮರದಿಂದ ಮರಕ್ಕೆ ಓಡಾಡುತ್ತವೆ. ಎಲೆ ಹೆಣೆದು ಕೊಟ್ಟೆ ಕಟ್ಟುವ ಈ ಕೆಂಪಿರುವೆಯನ್ನು ಚಟ್ನಿಗೆಂದು ಹುಡುಕುವವರು ಈ ಸೀಮೆಯಲ್ಲಿದ್ದಾರೆ. ನಾನು ಬಂದದ್ದು ಅವುಗಳ ಗಾತ್ರ ನೋಡಲು. ಒಂದು ಭೂತಕನ್ನಡಿ, ಒಂದು ಸಣ್ಣ ಸ್ಕೇಲು ಜೊತೆಗಿವೆ.

ಮಾವಿನ ಕಾಂಡದ ಮೇಲೆ ಸಾಲು ಹರಿದಿದೆ. ಸ್ಕೇಲನ್ನು ತೊಗಟೆಗೆ ಒತ್ತಿ ಹಿಡಿದೆ. ಒಂದು ಚಗಳಿ ಅದರ ಮೇಲೆಯೇ ನಡೆದುಹೋಯಿತು. ತಲೆಯಿಂದ ಹೊಟ್ಟೆಯ ತುದಿವರೆಗೆ 9 ಮಿ.ಮೀ. ಇದ್ದಂತೆ ಕಂಡಿತು. ಓಡುವ ಇರುವೆಯ ಅಳತೆಯಲ್ಲಿ ಒಂದು ಗೆರೆ ಹೆಚ್ಚುಕಡಿಮೆ ಆಗಿರಬಹುದು. ಹಿಂದೆ ಬಂದವೂ ಸುಮಾರು ಅಷ್ಟೇ, 8ರಿಂದ 10 ಮಿ.ಮೀ. ಒಳಗೆ. ಬೆರಳು ಹತ್ತಿರ ಒಯ್ದರೆ ನಿಂತು, ದವಡೆ ಅಗಲಿಸಿ, ಹೊಟ್ಟೆ ಮೇಲೆತ್ತುತ್ತವೆ. ಇವಕ್ಕೆ ಕೊಂಡಿಯಿಲ್ಲ. ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತವೆ, ಉರಿ ಅದರದ್ದು. ಕಾಂಡವನ್ನಷ್ಟೇ ನೋಡಿ ಹೊರಟವರಿಗೆ ಚಗಳಿಗಳೆಲ್ಲ ಒಂದೇ ಗಾತ್ರದವು ಅನ್ನಿಸುವುದು ಸಹಜ.

ಮರದ ಇನ್ನೊಂದು ಬದಿಗೆ ಬಂದರೆ ಕೈಗೆಟಕುವ ರೆಂಬೆಯಲ್ಲಿ ಹೊಸ ಕೊಟ್ಟೆಯ ಕೆಲಸ ನಡೆದಿದೆ. ಎರಡು ಎಲೆಗಳ ನಡುವಿನ ಸಂದಿಯಲ್ಲಿ ಇರುವೆಗಳು ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು ಸರಪಳಿಯಾಗಿವೆ. ಎಲೆಯಂಚುಗಳು ಕೂಡಿದ ಕಡೆ ಕೆಲವು ಇರುವೆಗಳ ಬಾಯಲ್ಲಿ ಬಿಳಿಯ ಮರಿಹುಳು. ಭೂತಕನ್ನಡಿಯಲ್ಲಿ ನೋಡಿದೆ: ಮರಿಯ ತಲೆಯನ್ನು ಈ ಎಲೆಗೆ ತಾಗಿಸಿ, ಆ ಎಲೆಗೆ ಒಯ್ದು, ಮತ್ತೆ ಇತ್ತ ತರುತ್ತದೆ, ಮಗ್ಗದ ಲಾಳಿಯ ಹಾಗೆ. ರೇಷ್ಮೆ ಬರುವುದು ಮರಿಯಿಂದ ಮಾತ್ರ. ಬೆಳೆದ ಇರುವೆಗೆ ನೂಲು ತೆಗೆಯಲಾಗದು. ರೇಷ್ಮೆಯೆಲ್ಲ ಕೊಟ್ಟೆಗೇ ಹೋಗುವುದರಿಂದ ಮರಿ ತನಗೆಂದು ಗೂಡು ಸುತ್ತಿಕೊಳ್ಳುವುದಿಲ್ಲ. ಎಳೆಯುವವು, ಹೆಣೆಯುವವು ಎಲ್ಲ ಇಲ್ಲಿಯೂ ದೊಡ್ಡವೇ.

ಅದೇ ರೆಂಬೆಯ ಎಳೆ ತುದಿಯಲ್ಲಿ ಅರ್ಧ ಮಡಚಿದ ಒಂದೇ ಎಲೆಯ ಗುಡಾರ ಕಂಡಿತು. ಒಳಗೆ ಶಲ್ಕ ಕೀಟಗಳು ಚಿಗುರಿಗೆ ಅಂಟಿ ಕೂತಿವೆ. ಅವುಗಳ ನಡುವೆ ಇದ್ದವು ಬೇರೆಯದೇ ಗಾತ್ರದ ಚಗಳಿಗಳು. ಅಳತೆ 5 ಮಿ.ಮೀ. ಆಸುಪಾಸು, ಬಣ್ಣ ತುಸು ತಿಳಿ, ನಡಿಗೆಯೂ ನಿಧಾನ. ಒಂದು ಚಿಕ್ಕದು ಕೀಟದ ಬೆನ್ನನ್ನು ಕುಡಿಮೀಸೆಯಿಂದ ತಟ್ಟುತ್ತಲೇ ಇತ್ತು. ಕೀಟದ ಹಿಂಬದಿಯಲ್ಲಿ ಒಂದು ಹನಿ ಹೊಳೆಯಿತು. ಇರುವೆ ಅದನ್ನು ಹೀರಿ ಪಕ್ಕದ ಕೀಟಕ್ಕೆ ಹೋಯಿತು.

ಹಲಸಿನ ಬುಡದಲ್ಲಿ ಗಾಳಿಗೆ ಮುರಿದುಬಿದ್ದ ರೆಂಬೆ, ಅದರಲ್ಲಿ ಬಾಯಿ ಬಿಟ್ಟ ಕೊಟ್ಟೆ. ಎರಡು ಗಾತ್ರಗಳೂ ಒಟ್ಟಿಗೆ ಕಂಡದ್ದು ಇಲ್ಲಿ. ದೊಡ್ಡವು ಹೊರಗೆ ನುಗ್ಗಿ ದವಡೆ ತೆರೆದು ನಿಂತವು. ಚಿಕ್ಕವು ಒಳಗೇ ಉಳಿದು ಮೊಟ್ಟೆಯ ರಾಶಿಯನ್ನೂ ಸಣ್ಣ ಮರಿಗಳನ್ನೂ ಬಾಯಲ್ಲಿ ಹಿಡಿದು ಕತ್ತಲಿನ ಮೂಲೆಗೆ ಸಾಗಿಸುತ್ತಿದ್ದವು. ಚಿಕ್ಕದು ದೊಡ್ಡದರ ಮರಿಯಲ್ಲ, ನಾಳೆ ಬೆಳೆದು ಅಷ್ಟಾಗುವುದೂ ಇಲ್ಲ. ಮರಿಹುಳುವಾಗಿದ್ದಾಗ ಎಷ್ಟು ಬೆಳೆಯಿತೋ ಅಷ್ಟೇ; ಇರುವೆಯಾಗಿ ಹೊರಬಂದ ಮೇಲೆ ಗಾತ್ರ ಬದಲಾಗದು. ಎರಡೂ ಹೆಣ್ಣು, ಒಂದೇ ರಾಣಿಯ ಸಂತಾನ. ನಡುವಿನ ಅಳತೆಯವು ಬಲು ವಿರಳ. ನಾನು ಹುಡುಕಿದೆ. ಒಂದು ಹಾಗೆ ಕಂಡಿತು, ಆದರೆ ದೇಹ ಮಡಚಿಕೊಂಡಿದ್ದರಿಂದ ಖಚಿತವಾಗಿ ಹೇಳಲಾರೆ.

ಪೇರಲೆಯ ಬುಡದಲ್ಲಿ ಕರಿಯ ಗೊದ್ದಗಳು. ಮಣ್ಣಿನಲ್ಲಿ ಗೂಡು, ಮೇವು ಮರದ ಮೇಲೆ. ಇವುಗಳ ಸಾಲಿನಲ್ಲಿ ಸಣ್ಣ ತಲೆಯದರಿಂದ ದಪ್ಪ ತಲೆಯದರವರೆಗೆ ನಡುವಿನ ಎಲ್ಲ ಅಳತೆಗಳೂ ಸಿಗುತ್ತವೆ. ತಲೆಯೆತ್ತಿ ನೋಡಿದರೆ ಮೇಲಿನ ಕವಲಿನಲ್ಲಿ ಇನ್ನೊಂದು ಜಾತಿಯ ಪುಟ್ಟ ಇರುವೆಗಳು ತೊಗಟೆಯ ಚೂರು ಅಗಿದು ಕಟ್ಟಿದ ಕಪ್ಪು ಗೂಡು. ಅಲ್ಲಿಂದ ಇಳಿದು ಬರುವವೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ. ಒಂದೇ ಹಿತ್ತಿಲಲ್ಲಿ ಮೂರು ರೀತಿ: ಗಾತ್ರದಲ್ಲಿ ಭೇದವೇ ಇಲ್ಲದ್ದು, ಮೆಟ್ಟಿಲು ಮೆಟ್ಟಿಲಾಗಿ ಏರುವುದು, ಎರಡೇ ಪಾಲಾಗಿ ನಿಂತದ್ದು.

ಕೊನೆಗೆ ಬೇಲಿಯಂಚಿನ ಗೇರು ಮರ. ಆಚೆಯ ಮರದಲ್ಲಿ ಇನ್ನೊಂದು ಚಗಳಿ ಸಂಸಾರವಿದೆಯಂತೆ. ಗಡಿಯ ಕೊಟ್ಟೆಗಳಲ್ಲಿ ವಯಸ್ಸಾದ ದೊಡ್ಡ ಇರುವೆಗಳೇ ಹೆಚ್ಚಾಗಿ ಇರುತ್ತವೆ, ಕಾದಾಟಕ್ಕೆ ಮೊದಲು ಇಳಿಯುವವೂ ಅವೇ. ಇಲ್ಲಿ ನನಗೆ ಕಂಡವೆಲ್ಲ ದೊಡ್ಡವೇನೋ ಹೌದು. ವಯಸ್ಸು ನೋಟಕ್ಕೆ ತಿಳಿಯಲಿಲ್ಲ.

ಚಗಳಿ ಕೊಟ್ಟೆಯನ್ನು ತಂದು ಕಿತ್ತಳೆ ಜಾತಿಯ ಗಿಡಗಳಿಗೆ ಕಟ್ಟಿ ಹುಳು ತಡೆಯುವ ಕ್ರಮ ಕ್ರಿ.ಶ. 304ರದೆಂದು ಹೇಳಲಾಗುವ ಚೀನೀ ಗ್ರಂಥದಲ್ಲೇ ಬಂದಿದೆ. ಹಣ್ಣಿಗೆ ಕಾವಲಿರುವುದು ನಮ್ಮ ಕಣ್ಣಿಗೆ ಬೀಳುವ ದೊಡ್ಡವು, ನಿಜ. ಆದರೆ ಆ ದೊಡ್ಡದೂ ಮೊಟ್ಟೆಯೊಡೆದು ಬಂದ ದಿನಗಳಲ್ಲಿ ಯಾವುದೋ ಚಿಕ್ಕದರ ಆರೈಕೆಯಲ್ಲಿ ಬೆಳೆದದ್ದು. ಮರದ ಮೇಲಿನ ಸಾಲನ್ನು ನೋಡಿ ಚಗಳಿಯನ್ನು ಅಳೆದರೆ ಅರ್ಧ ಸಂಸಾರವನ್ನಷ್ಟೇ ಅಳೆದಂತೆ. ನಿಮ್ಮ ಹಿತ್ತಿಲಲ್ಲೂ ಚಗಳಿಯಿದ್ದರೆ ಕೊಟ್ಟೆ ಹರಿಯಬೇಡಿ. ಚಿಗುರಿನ ತುದಿಯಲ್ಲಿ ಮಡಚಿದ ಎಲೆಯೊಂದನ್ನು ಹುಡುಕಿ, ಕೆಳಗಿನಿಂದ ಇಣುಕಿ. ಚಿಕ್ಕವು ಅಲ್ಲಿ ಕೆಲಸದಲ್ಲಿರುತ್ತವೆ.