ನಿರಾಶೆಯ ಪೆಟ್ಟು

ಕೋಟ್ಯಧೀಶನ ಮಗನೊಬ್ಬ ಹಳ್ಳಿಯ ಶಾಲೆಯ ಉಪಾಧ್ಯಾಯನಾಗುವುದುಂಟೆ? ವಿಯೆನ್ನಾ ನಗರದ ಉಕ್ಕಿನ ಉದ್ಯಮಿಯ ಮನೆಯಲ್ಲಿ ೧೮೮೯ರಲ್ಲಿ ಜನಿಸಿದ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಹಾಗೆ ಆದನು. ಮೊದಲನೆಯ ಮಹಾಯುದ್ಧದಿಂದ ಮರಳಿದ ಮೇಲೆ ತನ್ನ ಪಾಲಿನ ಆಸ್ತಿಯನ್ನೆಲ್ಲ ಒಡಹುಟ್ಟಿದವರಿಗೆ ಬಿಟ್ಟುಕೊಟ್ಟನು. ತತ್ತ್ವಶಾಸ್ತ್ರದಲ್ಲಿ ತಾನು ಹೇಳಬೇಕಾದುದು ಮುಗಿಯಿತೆಂದು ಬಗೆದು, ಅಧ್ಯಾಪಕ ಶಿಕ್ಷಣ ಪಡೆದು, ೧೯೨೦ರಲ್ಲಿ ಆಸ್ಟ್ರಿಯದ ಟ್ರಾಟೆನ್‌ಬಾಖ್ ಎಂಬ ಬೆಟ್ಟದೂರಿನ ಪ್ರಾಥಮಿಕ ಶಾಲೆಯನ್ನು ಸೇರಿದನು.

ಆರಂಭದಲ್ಲಿ ಆತನ ಉತ್ಸಾಹಕ್ಕೆ ಎಣೆಯಿರಲಿಲ್ಲ. ಮಕ್ಕಳೊಡನೆ ಕುಳಿತು ಬೆಕ್ಕಿನ ಅಸ್ಥಿಪಂಜರವನ್ನು ಜೋಡಿಸಿದನು. ಅವರನ್ನು ವಿಯೆನ್ನಾಕ್ಕೆ ಕರೆದೊಯ್ದು ಕಟ್ಟಡಗಳನ್ನೂ ಯಂತ್ರಗಳನ್ನೂ ತೋರಿಸಿ ವಿವರಿಸಿದನು. ಶಾಲಾಮಕ್ಕಳಿಗೆಂದೇ ಒಂದು ಪದಕೋಶವನ್ನು ರಚಿಸಿದನು. ಅದು ೧೯೨೬ರಲ್ಲಿ ಅಚ್ಚಾಯಿತು.

ಆದರೆ ಹೊಲಗೆಲಸಕ್ಕೆ ಕೈಗಳು ಬೇಕಾಗಿದ್ದ ತಂದೆತಾಯಿಗಳಿಗೆ ಮಕ್ಕಳ ಮುಂದಿನ ಓದು ಬೇಡವಾಗಿತ್ತು. ಊರಿನವರಿಗೆ ಆತ ಒಗ್ಗಲಿಲ್ಲ. ಆತನಿಗೆ ಊರು ಒಗ್ಗಲಿಲ್ಲ. ಶಾಲೆಯಿಂದ ಶಾಲೆಗೆ ಹೋದರೂ ಬೇಸರ ಬೆನ್ನು ಬಿಡಲಿಲ್ಲ. ಲೆಕ್ಕ ತಪ್ಪಿದ ಮಕ್ಕಳ ಕೂದಲನ್ನೆಳೆಯುವುದು, ಕೆನ್ನೆಗೆ ಬಾರಿಸುವುದು ರೂಢಿಯಾಯಿತು. ೧೯೨೬ರ ಏಪ್ರಿಲಿನಲ್ಲಿ, ಒಟರ್‌ಟಾಲ್ ಎಂಬ ಹಳ್ಳಿಯ ಶಾಲೆಯಲ್ಲಿ, ಆತನ ಏಟಿಗೆ ಹನ್ನೊಂದು ವರ್ಷದ ಬಾಲಕನೊಬ್ಬ ಮೂರ್ಛೆಹೋಗಿ ಬಿದ್ದನು. ಅದೇ ತಿಂಗಳು ಆತ ಕೆಲಸಕ್ಕೆ ರಾಜೀನಾಮೆಯಿತ್ತನು.

ಹತ್ತು ವರ್ಷ ಕಳೆಯಿತು. ಕೇಂಬ್ರಿಜ್‌ನಲ್ಲಿ ತತ್ತ್ವಜ್ಞಾನಿಯೆಂದು ಹೆಸರಾಗಿದ್ದ ಆತ ೧೯೩೬ರಲ್ಲಿ ಒಟರ್‌ಟಾಲಿಗೆ ಹಿಂದಿರುಗಿ, ಹಳೆಯ ಶಿಷ್ಯರ ಮನೆಬಾಗಿಲಲ್ಲಿ ನಿಂತು ಕ್ಷಮೆ ಬೇಡಿದನು. ಎಲ್ಲರೂ ಮನಃಪೂರ್ವಕವಾಗಿ ಕ್ಷಮಿಸಲಿಲ್ಲ. ಸಹಜವೇ ಸರಿ. ನಿರಾಶೆ ಗುರುವಿನದಾಗಿತ್ತು, ಅದರ ಪೆಟ್ಟು ಬಿದ್ದುದು ಮಕ್ಕಳಿಗೆ.