ಮುಂದೊಗಲಿನ ತೊಂದರೆ: “ಊರಿಗೆ ಹೋದಾಗ ತೋರಿಸೋಣ” ಎನ್ನುವ ಮೊದಲು

ಹಬ್ಬದ ಸಂಚಿಕೆಯಲ್ಲಿ ಇದೆಂಥ ವಿಷಯ ಎಂದು ಹುಬ್ಬೇರಿಸಬೇಡಿ. ಡಾ. ಅನುಪಮಾ ನಿರಂಜನ ಅವರು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಬರೆದು ದಶಕಗಳೇ ಕಳೆದಿವೆ. ಆದರೂ ಗಂಡಸರ ಮುಂದೊಗಲಿನ ಮಾತು ಬಂದರೆ ನಮ್ಮ ಮನೆಗಳಲ್ಲಿ ಈಗಲೂ ದನಿ ತಗ್ಗುತ್ತದೆ. ಊರಿನಲ್ಲಾದರೆ ಕೇಳಲು ಪರಿಚಯದ ಡಾಕ್ಟರಾದರೂ ಇರುತ್ತಾರೆ. ವಾದಿ ಕಬೀರಿನ ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ಇಬ್ಬರೇ. ಕೊನೆಗೆ “ರಜೆಗೆ ಊರಿಗೆ ಹೋಗುತ್ತೇವಲ್ಲ, ಆಗ ತೋರಿಸೋಣ” ಎಂದು ಮಾತು ಮುಗಿಯುತ್ತದೆ. ಕೆಲವು ತೊಂದರೆಗಳಿಗೆ ಹಾಗೆ ಕಾಯಬಹುದು, ಕೆಲವಕ್ಕೆ ಕಾಯಲೇಬಾರದು.

ಮೊದಲು ಮಕ್ಕಳ ವಿಷಯ. ಶಿಶ್ನದ ತುದಿಯನ್ನು ಮುಚ್ಚಿರುವ ಚರ್ಮವೇ ಮುಂದೊಗಲು. ಹುಟ್ಟಿದ ಮಗುವಿನಲ್ಲಿ ಅದು ತುದಿಗೆ ಅಂಟಿಕೊಂಡೇ ಇರುತ್ತದೆ, ಹಿಂದೆ ಸರಿಯುವುದಿಲ್ಲ. ಇದು ರೋಗವಲ್ಲ. ಡೆನ್ಮಾರ್ಕಿನ ವೈದ್ಯ ಯಾಕೋಬ್ ಓಸ್ಟರ್ ಶಾಲಾ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿ 1968ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: 6-7 ವರ್ಷದವರಲ್ಲಿ ಶೇ. 63 ಮಂದಿಗೆ ಚರ್ಮ ಸ್ವಲ್ಪವಾದರೂ ಅಂಟಿಕೊಂಡಿತ್ತು; 16-17ರ ಹೊತ್ತಿಗೆ ಅದು ಶೇ. 3ಕ್ಕೆ ಇಳಿದಿತ್ತು. ಯಾರೂ ಎಳೆದು ಬಿಡಿಸಿದ್ದಲ್ಲ, ಬೆಳೆಯುತ್ತಾ ತಾನಾಗಿ ಬಿಟ್ಟುಕೊಂಡದ್ದು.

ಎಣ್ಣೆ ಸ್ನಾನ ಮಾಡಿಸುವಾಗ ದಿನವೂ ಸ್ವಲ್ಪ ಸ್ವಲ್ಪ ಹಿಂದಕ್ಕೆ ಎಳೆಯಬೇಕು ಎಂದು ಹೇಳುವ ಹಿರಿಯರಿದ್ದಾರೆ. ಅವರ ಮೇಲೆ ಎಷ್ಟೇ ಗೌರವವಿದ್ದರೂ ಈ ಒಂದು ಮಾತನ್ನು ಕೇಳಬೇಡಿ. ಬಲವಂತವಾಗಿ ಎಳೆದರೆ ಚರ್ಮ ಸೀಳುತ್ತದೆ, ಗಾಯ ಮಾಯುವಾಗ ಕಲೆಗಟ್ಟಿ ಗಡುಸಾಗುತ್ತದೆ. ಇಲ್ಲದ ಕಾಯಿಲೆಯನ್ನು ನಾವೇ ತಂದುಕೊಂಡಂತೆ. ಹೊರಗಿನಿಂದ ನೀರು ಹಾಕಿ ತೊಳೆದರೆ ಸಾಕು. ಮೂತ್ರ ಮಾಡುವಾಗ ಚರ್ಮ ಒಂದು ಕ್ಷಣ ಬಲೂನಿನಂತೆ ಉಬ್ಬುವುದು, ಒಳಗೆ ನೋವಿಲ್ಲದ ಬಿಳಿ ಮುತ್ತಿನಂಥ ಗಂಟು ಕಾಣುವುದು, ಇವೆರಡಕ್ಕೂ ತಾಯಂದಿರು ಹೆದರುತ್ತಾರೆ. ಧಾರೆ ಸರಾಗವಾಗಿದ್ದು ಮಗುವಿಗೆ ನೋವಿಲ್ಲದಿದ್ದರೆ ಹೆದರಬೇಕಿಲ್ಲ. ಆ ಬಿಳಿಯದು ಕೀವಲ್ಲ, ಉದುರಿದ ಚರ್ಮದ ಕೋಶಗಳು; ತಾನೇ ಹೊರಬರುತ್ತದೆ.

ಒಮಾನಿನಲ್ಲಿ ಬೆಳೆಯುವ ನಮ್ಮ ಹುಡುಗರಿಗೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಜೊತೆಯ ಗೆಳೆಯರಲ್ಲಿ ಅನೇಕರಿಗೆ ಸುನ್ನತಿ ಆಗಿರುತ್ತದೆ, ನನಗೇಕಿಲ್ಲ ಎಂದು ಮಗ ಕೇಳಬಹುದು. ನಮ್ಮ ಬ್ಯಾರಿ, ನವಾಯತ ಕುಟುಂಬಗಳಲ್ಲಿ ಅದು ಧಾರ್ಮಿಕ ಆಚರಣೆ ಎಂದು ಸರಳವಾಗಿ ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ. ಆದರೆ ಚಿಕ್ಕ ಮಗುವಿನ ಚರ್ಮ ಹಿಂದೆ ಸರಿಯುವುದಿಲ್ಲ ಎಂಬುದೊಂದೇ ಕಾರಣಕ್ಕೆ ಆಪರೇಷನ್ ಬೇಕಾಗುವುದಿಲ್ಲ. ಬಿಗಿ ನಿಜವಾಗಿ ತೊಂದರೆ ಕೊಡುತ್ತಿದ್ದರೂ ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವುದು ಸ್ಟೆರಾಯ್ಡ್ ಮುಲಾಮು. 4ರಿಂದ 8 ವಾರ ಕ್ರಮವಾಗಿ ಹಚ್ಚಿದರೆ ಹೆಚ್ಚಿನ ಹುಡುಗರಿಗೆ ಗುಣವಾಗುತ್ತದೆ. ಸುನ್ನತಿ ಮಾಡಿಸುವ ಮನೆಯವರಿಗೂ ಒಂದು ಮಾತು: ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿದ್ದರೆ ಸುನ್ನತಿ ಬೇಡ, ಮೊದಲು ತಜ್ಞರಿಗೆ ತೋರಿಸಿ. ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಆ ಚರ್ಮವೇ ಬೇಕಾಗಬಹುದು.

ಹಾಗಾದರೆ ಡಾಕ್ಟರ ಬಳಿ ಹೋಗುವುದು ಯಾವಾಗ? ಉಚ್ಚೆ ಹೊಯ್ಯುವಾಗ ಮಗು ಅಳುತ್ತಿದ್ದರೆ, ಧಾರೆ ದಾರದಷ್ಟು ಸಣ್ಣಗಾಗಿದ್ದರೆ, ತುದಿ ಕೆಂಪಾಗಿ ಊದಿ ಕೀವು ಸೋರುತ್ತಿದ್ದರೆ, ಮೊದಲು ಸರಿಯುತ್ತಿದ್ದ ಚರ್ಮ ಈಗ ಬಿಗಿದುಕೊಂಡು ಅಂಚು ಬೆಳ್ಳಗೆ ಗಡುಸಾಗಿದ್ದರೆ ತೋರಿಸಿ. ಕೊನೆಯದ್ದಕ್ಕೆ ಸುನ್ನತಿಯೇ ಬೇಕಾಗುವುದುಂಟು. ಕೂಸಿಗೆ ಕಾರಣ ತಿಳಿಯದ ಜ್ವರ ಬಂದರೆ ಮೂತ್ರ ಪರೀಕ್ಷೆಯ ಬಗ್ಗೆಯೂ ಕೇಳಿ. ಮೂತ್ರವೇ ಬರುತ್ತಿಲ್ಲವೆಂದರೆ ಅಂದೇ ಹೋಗಬೇಕು.

ತುರ್ತು ವಿಭಾಗಕ್ಕೇ ಓಡಬೇಕಾದ ಸಂದರ್ಭ ಇನ್ನೊಂದಿದೆ. ಹಿಂದೆ ಸರಿಸಿದ ಚರ್ಮ ಮುಂದಕ್ಕೆ ಬಾರದೆ ಸಿಕ್ಕಿಕೊಳ್ಳುತ್ತದೆ. ಊದಿದ ಬೆರಳಿಗೆ ಉಂಗುರ ಸಿಕ್ಕಿಕೊಂಡಂತೆ. ತುದಿ ಊದಿ ವಿಪರೀತ ನೋಯುತ್ತದೆ. ಇದನ್ನು ಪ್ಯಾರಾಫೈಮೋಸಿಸ್ ಎನ್ನುತ್ತಾರೆ. ರಕ್ತ ಸಂಚಾರ ನಿಲ್ಲುವ ಅಪಾಯವಿರುವುದರಿಂದ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆಯಾಗಬೇಕು. ತುದಿಯನ್ನು ಅಂಗೈಯಲ್ಲಿ ಹಿಡಿದು ಕೆಲವು ನಿಮಿಷ ಮೆಲ್ಲಗೆ ಒತ್ತಿ ಊತ ಇಳಿಸಿ ನೋಡಬಹುದು, ಆಗದಿದ್ದರೆ ಕೂಡಲೇ ಹತ್ತಿರದ ಆಸ್ಪತ್ರೆಗೆ. ಮೂತ್ರದ ನಳಿಕೆ ಹಾಕಿದ ವೃದ್ಧರಲ್ಲೂ ಇದು ಆಗುತ್ತದೆ. ನರ್ಸ್ ಶುಚಿ ಮಾಡಿದ ಮೇಲೆ ಚರ್ಮ ಮುಂದೆ ಬಂದಿದೆಯೇ ಎಂದು ನೋಡಿಕೊಳ್ಳಿ. ಹದಿಹರೆಯದ ಮಗನಿಗೆ ತಂದೆಯೇ ಹೇಳಿಕೊಡಲಿ: ಸರಾಗವಾಗಿ ಸರಿದಷ್ಟೇ ಸರಿಸಿ ಬರಿ ನೀರಿನಲ್ಲಿ ತೊಳೆಯಬೇಕು, ತೊಳೆದ ಮೇಲೆ ಮರೆಯದೆ ಮುಂದಕ್ಕೆ ತರಬೇಕು.

ಇನ್ನು ದೊಡ್ಡವರು. ಕುಟುಂಬವನ್ನು ಊರಲ್ಲಿ ಬಿಟ್ಟು ಇಲ್ಲಿ ರೂಮು ಹಂಚಿಕೊಂಡಿರುವ ನಮ್ಮ ಸೋದರರೇ ಹೆಚ್ಚು ಮುಂದೂಡುವವರು. 40 ಡಿಗ್ರಿ ದಾಟುವ ಬಿಸಿಲಿನಲ್ಲಿ ದಿನವಿಡೀ ಬೆವರು, ಸಂಜೆಗೆ ತುರಿಕೆ. ಮೆಡಿಕಲ್ ಅಂಗಡಿಯಿಂದ ಯಾವುದೋ ಮುಲಾಮು ತಂದು ಹಚ್ಚುತ್ತಾರೆ. ಆದರೆ ಮುಂದೊಗಲಿನಲ್ಲಿ ಮತ್ತೆ ಮತ್ತೆ ತುರಿಕೆ, ಬಿರುಕು, ಬಿಳಿ ಪದರ ಬರುತ್ತಿದ್ದರೆ ಅದು ಬರೀ ಬೆವರಿನ ತೊಂದರೆ ಆಗಿರಲಾರದು. ಸಕ್ಕರೆ ಕಾಯಿಲೆ ಎಷ್ಟೋ ಜನರಲ್ಲಿ ಹೀಗೆಯೇ ಮೊದಲು ಬಯಲಾಗುತ್ತದೆ. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಈಗಾಗಲೇ ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುತ್ತಿರುವವರು ಅದನ್ನೂ ಡಾಕ್ಟರಿಗೆ ತಿಳಿಸಿ. ಈ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಅಲ್ಲಿ ಬೂಷ್ಟಿನ ಸೋಂಕು ಹೆಚ್ಚು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ. ಗುಣವಾಗುವವರೆಗೆ ಸಂಸಾರದಲ್ಲಿಯೂ ಅಂತರವಿರಲಿ. ಹೆಂಡತಿಗೂ ತುರಿಕೆಯಿದ್ದರೆ ಅವರಿಗೂ ಚಿಕಿತ್ಸೆ ಬೇಕು.

ಚರ್ಮದ ಒಳಗೆ ಮಾಯದ ಹುಣ್ಣು, ಗಂಟು, ರಕ್ತ, ದುರ್ವಾಸನೆ ಇದ್ದರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಬಿಗಿ ಮುಂದೊಗಲಿನವರಲ್ಲಿ ಶಿಶ್ನದ ಕ್ಯಾನ್ಸರ್ ಅಪಾಯ ಹೆಚ್ಚು. ಬೇಗ ಗೊತ್ತಾದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯಬಹುದು, ತಡವಾದರೆ ಅಂಗವನ್ನೇ ಕಳೆದುಕೊಳ್ಳಬೇಕಾದೀತು. ಇದಕ್ಕೆ ವರ್ಷದ ರಜೆ ಕಾಯುವುದು ಸಲ್ಲ.

ಮಕ್ಕಳಿಗೆ ಮೊದಲು ಮಕ್ಕಳ ಡಾಕ್ಟರು, ದೊಡ್ಡವರಿಗೆ ಜನರಲ್ ಪ್ರಾಕ್ಟೀಷನರ್ ಸಾಕು. ಅಗತ್ಯವಿದ್ದರೆ ಅವರೇ ಯುರಾಲಜಿಸ್ಟ್ ಬಳಿ ಕಳಿಸುತ್ತಾರೆ. ಪುರುಷ ವೈದ್ಯರೇ ಬೇಕೆಂದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಿ. ಕೌಂಟರಿನಲ್ಲಿ ಕಾಯಿಲೆಯ ಹೆಸರು ಹೇಳಲು ಮುಜುಗರವಾದರೆ “ಮೂತ್ರದ ತೊಂದರೆ” ಎಂದರೆ ಸಾಕು. ಒಳಗೆ ಡಾಕ್ಟರೆದುರು ಮಾತ್ರ ಏನನ್ನೂ ಮುಚ್ಚಿಡಬೇಡಿ.